ಬಿದ್ದು ಭುಜದ ಬಳಿ ತೋಳು ಮುರಿದ ಹಿರಿಯರು: ಜೋಲಿ ಬಿಚ್ಚಿದ ಮೇಲೆ ಉಳಿದುಹೋಗುವ ಚಿಕಿತ್ಸೆ

ಸಿಸ್ಟರ್_ಉಡುಪಿ

ಅರವತ್ತು ದಾಟಿದವರು, ಅದರಲ್ಲೂ ಹೆಂಗಸರು, ಜಾರಿ ಬಿದ್ದು ಭುಜದ ಹತ್ತಿರ ತೋಳು ಮುರಿದುಕೊಂಡು ಬಂದಾಗ ಮನೆಯವರು ಕೇಳುವುದು ಹೆಚ್ಚೂಕಡಿಮೆ ಇಷ್ಟೇ. ಆಪರೇಷನ್ ಬೇಕಾ? ಪ್ಲಾಸ್ಟರ್ ಯಾಕೆ ಹಾಕ್ಲಿಲ್ಲ? ಕೈಯೆಲ್ಲ ಕಪ್ಪಾಯ್ತಲ್ಲ? ಯಾವಾಗ ಅಡುಗೆ ಮಾಡಬಹುದು? ನಿಂತಲ್ಲಿಂದ ಬಿದ್ದಿದ್ದಕ್ಕೇ ಮೂಳೆ ಮುರಿಯಿತಲ್ಲ, ಅದು ಯಾಕೆ ಅಂತ ಕೇಳುವವರು ಮಾತ್ರ ಬಹಳ ಕಡಿಮೆ. ಆರು ವಾರಕ್ಕೆ ಜೋಲಿ ಬಿಚ್ಚುತ್ತಾರೆ, ಫೈಲೂ ಅಲ್ಲಿಗೇ ಮುಚ್ಚುತ್ತದೆ.

ಇಲ್ಲಿ ಮೂಳೆ ಡಾಕ್ಟರು, ಫಿಸಿಯೋ, ಔಷಧಿಯವರು ಎಲ್ಲ ಇದ್ದೀರಿ. ಒಂದು ನಮೂನೆ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಬರೆಯೋಣ. 70ರ ಆಸುಪಾಸಿನ ಮಹಿಳೆ, ಬಚ್ಚಲಲ್ಲಿ ಜಾರಿ ಎಡಮಗ್ಗುಲಿಗೆ ಬಿದ್ದಿದ್ದಾರೆ. ಎಡತೋಳಿನ ಮೇಲ್ತುದಿ ಮುರಿದಿದೆ, ತುಂಡುಗಳು ಹೆಚ್ಚು ಸರಿದಿಲ್ಲ.

ಮೊದಲ ಮಾತು ನನ್ನದು: ಆ ಕೈಯ ಬಳೆ, ಉಂಗುರ ಆ ಗಳಿಗೆಯಲ್ಲೇ ತೆಗೆಯಿರಿ. ಸಂಜೆಯೊಳಗೆ ಬೆರಳು ಊದಿಕೊಳ್ಳುತ್ತದೆ. ಆಮೇಲೆ ಸೋಪು ನೀರಿಗೆ ಬಗ್ಗುವುದಿಲ್ಲ, ಕತ್ತರಿಸಲೇ ಬೇಕಾಗುತ್ತದೆ.

ಕೀಲುಮೂಳೆ_ಹುಬ್ಬಳ್ಳಿ

ಛಲೋ ವಿಷಯ ತೆಗೆದ್ರಿ ಸಿಸ್ಟರ್.

ತೋಳಿನ ಮೂಳೆ ಅಂದರೆ ಹ್ಯೂಮರಸ್. ಮೇಲೆ ಚೆಂಡಿನಂಥ ತಲೆ, ಅದರ ಪಕ್ಕ ಎರಡು ಗುಬುಟು, ಕೆಳಗೆ ಉದ್ದನೆಯ ದಂಡ. ಭುಜ ತಿರುಗಿಸುವ ಸ್ನಾಯುಗಳ ತುದಿ ಆ ಗುಬುಟುಗಳಿಗೆ ಅಂಟಿಕೊಂಡಿರುತ್ತದೆ. ತಲೆ, ದೊಡ್ಡ ಗುಬುಟು, ಸಣ್ಣ ಗುಬುಟು, ದಂಡ ಎಂಬ ಈ ನಾಲ್ಕು ಭಾಗಗಳ ಲೆಕ್ಕದಲ್ಲೇ ಚಾರ್ಲ್ಸ್ ನೀರ್ 1970ರಲ್ಲಿ ವರ್ಗೀಕರಣ ಮಾಡಿದರು. ಒಂದು ಭಾಗ 1 ಸೆಂ.ಮೀ.ಗಿಂತ ಹೆಚ್ಚು ಸರಿದಿದ್ದರೆ ಅಥವಾ 45 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಮಾತ್ರ ಅದನ್ನು ಬೇರೆ ತುಂಡೆಂದು ಎಣಿಸಬೇಕು. ಎಕ್ಸ್‌ರೇಯಲ್ಲಿ ಗೆರೆ ನಾಲ್ಕು ಕಂಡರೂ ಏನೂ ಸರಿಯದಿದ್ದರೆ ಅದು "ಒಂದು ಭಾಗದ" ಮುರಿತವೇ. ವಯಸ್ಸಾದವರಲ್ಲಿ ಬಹುಪಾಲು ಈ ಥರದವೇ. ಇವಕ್ಕೆ ಆಪರೇಷನ್ ಬೇಡ, ಪ್ಲಾಸ್ಟರೂ ಬೇಡ.

ಪ್ಲಾಸ್ಟರ್ ಯಾಕಿಲ್ಲ ಅಂದ್ರೆ, ಮುರಿದ ಜಾಗ ಕಂಕುಳಿಗಿಂತ ಮೇಲಿದೆ. ಪ್ಲಾಸ್ಟರ್ ಅದನ್ನು ಹಿಡಿಯಬೇಕಾದರೆ ಮೇಲಿನ ಕೀಲನ್ನೂ ಹಿಡಿಯಬೇಕು, ಭುಜಕ್ಕೆ ಅದು ಆಗದ ಮಾತು. ಮೊಣಕೈಗೆ ಭಾರದ ಪ್ಲಾಸ್ಟರ್ ಹಾಕಿ ತೂಗುಬಿಟ್ಟರೆ ಟೊಳ್ಳು ಮೂಳೆಯಲ್ಲಿ ತುಂಡುಗಳು ಒಂದರಿಂದೊಂದು ಕೆಳಗೆಳೆದುಕೊಂಡು ಕೂಡದೆ ಉಳಿಯಬಹುದು.

ಮೊದಲ ದಿನ ಎರಡು ಪರೀಕ್ಷೆ ಬಿಡಬಾರದು. ತೋಳಿನ ಹೊರಮೈ ಮೇಲೆ, ಪೊಲೀಸರು ತೋಳುಪಟ್ಟಿ ಕಟ್ಟುವ ಜಾಗದಲ್ಲಿ ಹತ್ತಿಯಿಂದ ಸವರಿ ಸ್ಪರ್ಶ ಗೊತ್ತಾಗುತ್ತದೆಯೇ ನೋಡಿ. ಅದು ಆಕ್ಸಿಲರಿ ನರ. ಮಣಿಕಟ್ಟಿನ ನಾಡಿ ಎರಡೂ ಕಡೆ ಹೋಲಿಸಿ. ಕೈ ತಣ್ಣಗಾಗಿ, ಕಂಕುಳಲ್ಲಿ ಊತ ಬೆಳೆಯುತ್ತಾ ಹೋದರೆ ರಕ್ತನಾಳ ಹರಿದಿರಬಹುದು. ಅಪರೂಪ, ಆದರೆ ಬೆಳಗಿನವರೆಗೆ ಕಾಯುವಂತಿಲ್ಲ.

ಎಕ್ಸ್‌ರೇ_ದಾವಣಗೆರೆ

ಚಿತ್ರದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಮುಂದಿನಿಂದ ಒಂದೇ ಎಕ್ಸ್‌ರೇ ತೆಗೆದು ಬಿಟ್ಟರೆ ತಲೆ ಹಿಂದಕ್ಕೆ ಕೀಲು ತಪ್ಪಿರುವುದು ಗೊತ್ತೇ ಆಗುವುದಿಲ್ಲ. ಭುಜದೆಲುಬಿಗೆ ನೇರವಾಗಿ ಒಂದು, ಪಕ್ಕದಿಂದ ವೈ ಆಕಾರದ್ದು ಒಂದು, ಕಂಕುಳಿನ ಚಿತ್ರ ಒಂದು, ಹೀಗೆ ಮೂರು ಬೇಕು. ನೋವಿಗೆ ಕೈ ಅಗಲಿಸಲು ಆಗದಿದ್ದರೆ ಜೋಲಿಯಲ್ಲೇ ಕೂರಿಸಿ, ಹಿಂದಕ್ಕೆ ಒರಗಿಸಿ, ಮೇಲಿನಿಂದ ಕೆಳಕ್ಕೆ ತೆಗೆಯುವ ವೆಲ್ಪೋ ಚಿತ್ರ ಸಾಕು. ಕೈ ಎಳೆಯಬೇಕಿಲ್ಲ.

ಒಂದು ವಾರದ ನಂತರದ ಎಕ್ಸ್‌ರೇಯಲ್ಲಿ ತಲೆ ಕೀಲಿನ ಗುಳಿಯಿಂದ ಕೆಳಗಿಳಿದಂತೆ ಕಂಡು ಗಾಬರಿಯಾಗುವುದುಂಟು. ಸಾಮಾನ್ಯವಾಗಿ ಅದು ಕೀಲು ತಪ್ಪಿದ್ದಲ್ಲ. ಒಳಗೆ ರಕ್ತ ತುಂಬಿರುತ್ತದೆ, ಡೆಲ್ಟಾಯ್ಡ್ ಸ್ನಾಯು ಸೋತು ಸಡಿಲವಾಗಿರುತ್ತದೆ. ಸ್ನಾಯು ಚೇತರಿಸಿಕೊಂಡಂತೆ ಕೆಲವು ವಾರಗಳಲ್ಲಿ ತಾನೇ ಮೇಲೇರುತ್ತದೆ.

ಇನ್ನೊಂದು. ಮುರಿದ ಜಾಗದಲ್ಲಿ ಮೂಳೆ ಹುಳ ತಿಂದ ಹಾಗೆ ಕಂಡರೆ, ಅಥವಾ ಬೀಳುವ ಮೊದಲೇ ವಾರಗಟ್ಟಲೆ ರಾತ್ರಿ ನೋವಿತ್ತು ಎಂದರೆ, ಬರೀ ಮೂಳೆ ಟೊಳ್ಳೆಂದು ಕೈ ತೊಳೆದುಕೊಳ್ಳಬೇಡಿ. ಬೇರೆಡೆಯ ಕ್ಯಾನ್ಸರ್ ಮೂಳೆಗೆ ಇಳಿಯುವಾಗ ಹ್ಯೂಮರಸ್‌ನ ಮೇಲ್ತುದಿ ಅದಕ್ಕೆ ಸಿಗುವ ಜಾಗಗಳಲ್ಲೊಂದು. ಮೈಲೋಮಾ, ಅಂದರೆ ಮೂಳೆಮಜ್ಜೆಯ ಕ್ಯಾನ್ಸರ್, ಕೂಡ ಇಲ್ಲಿ ಕಾಣಿಸಿಕೊಳ್ಳುತ್ತದೆ.

ಸಿಸ್ಟರ್_ಉಡುಪಿ

ಜೋಲಿ ಕಟ್ಟುವ ವಿಚಾರಕ್ಕೆ ಬರುತ್ತೇನೆ. ಹೆಚ್ಚು ಎಡವಟ್ಟಾಗುವುದು ಇಲ್ಲೇ.

ಮಣಿಕಟ್ಟು ಮೊಣಕೈಗಿಂತ ಒಂದೆರಡು ಅಂಗುಲ ಮೇಲಿರಬೇಕು. ಅಂಗೈ ಜೋಲಿಯಿಂದ ಹೊರಗೆ ಜೋತುಬಿದ್ದರೆ ಬೆರಳು ಊದುತ್ತದೆ. ಪಟ್ಟಿಯ ಗಂಟು ಕತ್ತಿನ ಹಿಂದಿನ ಎಲುಬಿನ ಮೇಲೆ ಬೇಡ, ಪಕ್ಕಕ್ಕೆ ಬರಲಿ, ಅಡಿಗೆ ಮೆತ್ತನೆಯ ಬಟ್ಟೆ ಇಡಿ. ಕೈಯನ್ನು ಎದೆಗೆ ಬಿಗಿದು ಸುತ್ತಬೇಡಿ. ಕಂಕುಳಲ್ಲಿ ಮಡಚಿದ ಹತ್ತಿಬಟ್ಟೆ ಇಟ್ಟು ದಿನಕ್ಕೆರಡು ಸಲ ಬದಲಿಸಿ. ಕರಾವಳಿಯ ಸೆಕೆಗೆ ಎರಡೇ ದಿನದಲ್ಲಿ ಅಲ್ಲಿ ಚರ್ಮ ಕೆಂಪಾಗಿ ಬಿರಿಯುತ್ತದೆ. ಕಂಕುಳು ತೊಳೆಯಲು ಕೈ ಎತ್ತಬೇಕಿಲ್ಲ. ಸೊಂಟದಿಂದ ಮುಂದೆ ಬಗ್ಗಿದರೆ ತೋಳು ತಾನಾಗಿ ಮೈಯಿಂದ ದೂರ ಸರಿಯುತ್ತದೆ, ಆ ಸಂದಿನಲ್ಲಿ ಒದ್ದೆಬಟ್ಟೆ ಆಡಿಸಿ ಒರೆಸಿ ಒಣಗಿಸಬೇಕು.

ಮಲಗುವುದು ಚಪ್ಪಟೆಯಾಗಿ ಅಲ್ಲ. ಬೆನ್ನಿಗೆ ಮೂರು ದಿಂಬು, ಇಲ್ಲವೆ ಆರಾಮ ಕುರ್ಚಿ. ಮೊದಲ ಎರಡು ಮೂರು ವಾರ ಹೀಗೇ. ಚಪ್ಪಟೆ ಮಲಗಿದರೆ ಮೊಣಕೈ ಹಿಂದಕ್ಕೆ ಜಾರಿ ಮುರಿದ ಜಾಗ ಬಾಗುತ್ತದೆ, ರಾತ್ರಿಯ ನೋವಿಗೆ ಅರ್ಧ ಕಾರಣ ಅದೇ. ತೋಳಿನ ಕೆಳಗೆ ಒಂದು ಚಿಕ್ಕ ದಿಂಬು ಕೊಡಿ.

ಬಟ್ಟೆ ಮುಂದೆ ಗುಂಡಿ ಇರುವುದೇ ಆಗಲಿ. ತೊಡಿಸುವಾಗ ಪೆಟ್ಟಾದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಮೂರನೆಯ ದಿನದಿಂದ ಕಪ್ಪು ನೀಲಿ ಕಲೆ ಮೊಣಕೈವರೆಗೆ, ಎದೆಯ ಪಕ್ಕಕ್ಕೂ ಇಳಿಯುತ್ತದೆ. ಹೆದರಬೇಡಿ, ಒಳಗೆ ಸೋರಿದ ರಕ್ತ ಕೆಳಗಿಳಿಯುವುದು ಅದು. ಎರಡು ಮೂರು ವಾರದಲ್ಲಿ ಹಳದಿಯಾಗಿ ಮಾಯುತ್ತದೆ.

ಸಿಎಚ್‌ಒ_ಚಾಮರಾಜನಗರ

ನಮ್ಮ ಕಡೆ ಮೊದಲು ನಾಟಿ ಕಟ್ಟಿಗೆ ಹೋಗಿ, ಊತ ಜಾಸ್ತಿಯಾದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕಾರಣ ಬಿಡಿಸಿ ಹೇಳೋದು ಹೇಗೆ? ಎಣ್ಣೆ ತಿಕ್ಕುವುದರ ಬಗ್ಗೆಯೂ ಹೇಳಿ ಸರ್.

ಕೀಲುಮೂಳೆ_ಹುಬ್ಬಳ್ಳಿ

ಜಗಳ ಆಡಬ್ಯಾಡ್ರಿ, ಕೈಯಿಂದ ತೋರಿಸಿ ಹೇಳ್ರಿ. ಕಟ್ಟು ಎಷ್ಟೇ ಬಿಗಿಯಾದರೂ ಕಂಕುಳ ಕೆಳಗೇ ನಿಲ್ಲುತ್ತದೆ, ಮುರಿತ ಅದರ ಮೇಲಿದೆ. ಅಂದರೆ ಮುರಿದ ಜಾಗವನ್ನು ಅದು ಮುಟ್ಟುವುದೇ ಇಲ್ಲ, ಕೆಳಗಿನ ರಕ್ತ ಮೇಲೇರದಂತೆ ತಡೆಯುತ್ತದೆ ಅಷ್ಟೆ. ಬೆರಳು ಜೋಮು ಹಿಡಿದರೆ, ಚಾಚಿದಾಗ ತಡೆಯಲಾರದ ನೋವಾದರೆ ಅಲ್ಲೇ ಕಟ್ಟು ಬಿಚ್ಚಿ ಕಳಿಸಿ. ಎಣ್ಣೆ ತಿಕ್ಕುವುದು ಆರು ವಾರದವರೆಗೆ ಮುರಿದ ಜಾಗದ ಮೇಲೆ ಬೇಡವೇ ಬೇಡ. ಹೊಸ ಮೂಳೆ ಮೊದಲ ವಾರಗಳಲ್ಲಿ ಅಂಟಿನ ಹದದಲ್ಲಿರುತ್ತದೆ, ಒತ್ತಿ ತಿಕ್ಕಿದರೆ ಕದಲುತ್ತದೆ. ಅಂಗೈಗೆ, ಮಣಿಕಟ್ಟಿಗೆ ಹಗುರಾಗಿ ಎಣ್ಣೆ ಹಚ್ಚಿದರೆ ಅಡ್ಡಿಯಿಲ್ಲ. ಹಿರಿಯರಿಗೆ ಅಷ್ಟರಿಂದಲೇ ಸಮಾಧಾನವೂ ಆಗುತ್ತದೆ.

ಫಿಸಿಯೋ_ಮೈಸೂರು

ಇಡೀ ಚಿಕಿತ್ಸೆಯ ಮುಕ್ಕಾಲು ಪಾಲು ಕೈ ಆಡಿಸುವುದರಲ್ಲಿದೆ. ಹಂತ ಹಂತವಾಗಿ ಬರೆಯುತ್ತೇನೆ.

ಮೊದಲ ದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈ. ಸುತ್ತಿದ ಕಾಲುಚೀಲ ಹಿಸುಕುವುದು, ಎಚ್ಚರವಿರುವ ಪ್ರತಿ ಗಂಟೆಗೆ 10 ಸಲ. ಇನ್ನೊಂದು ಕೈಯಿಂದ ಆಸರೆ ಕೊಟ್ಟು ಮೊಣಕೈ ಪೂರ್ತಿ ಚಾಚಿ ಮಡಚುವುದು, ದಿನಕ್ಕೆ ನಾಲ್ಕೈದು ಬಾರಿ. ಎರಡು ಭುಜದೆಲುಬುಗಳನ್ನು ಹಿಂದೆ ಕೂಡಿಸಿ 5 ಎಣಿಸಿ ಬಿಡುವುದು. ಇವನ್ನು ಬಿಟ್ಟರೆ ಆರು ವಾರಕ್ಕೆ ಭುಜ ಕೂಡಿರುತ್ತದೆ, ಆದರೆ ಮುಷ್ಟಿ ಮುಚ್ಚುವುದಿಲ್ಲ, ಮೊಣಕೈ ನೆಟ್ಟಗಾಗುವುದಿಲ್ಲ.

ಒಂದು ವಾರದಿಂದ ಹತ್ತು ದಿನದ ನಡುವೆ ಲೋಲಕದ ವ್ಯಾಯಾಮ. ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ, ಸೊಂಟದಿಂದ ಬಗ್ಗಿ, ಪೆಟ್ಟಾದ ತೋಳನ್ನು ಬಾವಿಯ ಹಗ್ಗದ ಹಾಗೆ ಸುಮ್ಮನೆ ಇಳಿಬಿಡಬೇಕು. ಎಲ್ಲರೂ ತಪ್ಪುವುದು ಇಲ್ಲೇ: ಭುಜದ ಸ್ನಾಯುವಿನಿಂದ ಕೈ ತಿರುಗಿಸುತ್ತಾರೆ. ತಿರುಗಬೇಕಾದ್ದು ಸೊಂಟ. ಮೈ ತೂಗಿದಾಗ ಕೈ ತಾನಾಗಿ ತೂಗಬೇಕು. ಊಟದ ತಟ್ಟೆಯಷ್ಟು ಅಗಲದ ಸುತ್ತು, ಆ ಕಡೆ 10, ಈ ಕಡೆ 10, ದಿನಕ್ಕೆ ನಾಲ್ಕು ಬಾರಿ. ತಲೆ ತಿರುಗುವವರಿಗೆ ನಿಲ್ಲಿಸಿ ಮಾಡಿಸಬೇಡಿ. ಕುರ್ಚಿಯಲ್ಲಿ ಕೂರಿಸಿ, ಅಂಗೈಯನ್ನು ಮೇಜಿನ ಮೇಲೆ ಒರೆಸುವ ಬಟ್ಟೆಯ ಮೇಲಿಟ್ಟು ಮುಂದೆ ಹಿಂದೆ ಜಾರಿಸಲಿ. ಅದೇ ಕೆಲಸವಾಗುತ್ತದೆ.

ಮೂರನೆಯ ವಾರದಿಂದ ಒಳ್ಳೆಯ ಕೈಯ ಸಹಾಯದಲ್ಲಿ ಎತ್ತುವುದು. ಅಂಗಾತ ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಕಡೆಗೆ ಒಯ್ಯುವುದು, ಆಮೇಲೆ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಕೋಲಿನಿಂದ ಹೊರಕ್ಕೆ ತಳ್ಳುವುದು. ಆರನೆಯ ವಾರದಲ್ಲಿ, ಎಕ್ಸ್‌ರೇ ನೋಡಿದ ಮೇಲೆ, ಆಸರೆಯಿಲ್ಲದೆ ಎತ್ತುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು. ರಬ್ಬರ್ ಪಟ್ಟಿಯ ವ್ಯಾಯಾಮ ಹತ್ತು ಹನ್ನೆರಡು ವಾರದ ಮೇಲೆ. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಹಿಟ್ಟು ನಾದುವುದು ಎಲ್ಲ ಅದರ ನಂತರ.

ಮಾಡಿದ ಮೇಲೆ ನೋವು ಅರ್ಧ ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸರಿ. ಆ ರಾತ್ರಿ ನಿದ್ದೆ ಕೆಡಿಸಿದರೆ ಮರುದಿನ ಎಣಿಕೆ ಅರ್ಧ ಮಾಡಿ, ಬಿಟ್ಟುಬಿಡಬೇಡಿ.

ಸಿಎಚ್‌ಒ_ಚಾಮರಾಜನಗರ

ಮೇಡಂ, ಒಂದು ವಾರಕ್ಕೇ ಆಡಿಸಿದರೆ ಮೂಳೆ ಕದಲುವುದಿಲ್ಲವೇ? ಮೂರು ವಾರ ಅಲ್ಲಾಡಿಸಬೇಡಿ ಅಂತ ಬರೆದ ಚೀಟಿ ಹಿಡಿದು ಬರುವವರೇ ಹೆಚ್ಚು.

ಕೀಲುಮೂಳೆ_ಹುಬ್ಬಳ್ಳಿ

ಇದಕ್ಕೆ ನಾನೇ ಹೇಳುತ್ತೇನೆ. ಕ್ಯಾಲೆಂಡರ್ ನೋಡಿ ತೀರ್ಮಾನ ಮಾಡುವುದಲ್ಲ, ಕೈ ಮುಟ್ಟಿ ನೋಡುವುದು. ರೋಗಿಯ ಹಿಂದೆ ನಿಂತು ಒಂದು ಕೈಯ ಬೆರಳುಗಳನ್ನು ಭುಜದ ತುದಿಯ ಕೆಳಗೆ, ತಲೆಯ ಮೇಲೆ ಇಡಬೇಕು. ಇನ್ನೊಂದು ಕೈಯಿಂದ ಮಡಚಿದ ಮೊಣಕೈ ಹಿಡಿದು ಬಲು ಮೆಲ್ಲಗೆ ಒಳಗೆ ಹೊರಗೆ ತಿರುಗಿಸಬೇಕು. ಬೆರಳ ಕೆಳಗೆ ತಲೆಯೂ ಕೂಡಿ ತಿರುಗಿದರೆ ಮುರಿತ ಒಂದಕ್ಕೊಂದು ಕಚ್ಚಿಕೊಂಡಿದೆ ಎಂದರ್ಥ, ಅವತ್ತೇ ಲೋಲಕ ಶುರು. ಕೆಳಗೆ ತಿರುಗಿ ಮೇಲೆ ತಲೆ ಸುಮ್ಮನಿದ್ದರೆ, ಅಥವಾ ಕರಕರ ಅನಿಸಿದರೆ, ಇನ್ನೊಂದು ವಾರ ಬಿಟ್ಟು ಮತ್ತೆ ನೋಡಬೇಕು. ಕಚ್ಚಿಕೊಂಡ ಮುರಿತವನ್ನು ಮೂರು ವಾರ ಕಟ್ಟಿಡುವುದರಿಂದ ಲಾಭವಿಲ್ಲ. ಮೊದಲ ವಾರದಲ್ಲೇ ಫಿಸಿಯೋ ಶುರು ಮಾಡಿದವರಿಗೆ ನೋವು ಬೇಗ ಇಳಿದದ್ದು, ಕೈ ಬೇಗ ಕೆಲಸಕ್ಕೆ ಬಂದದ್ದು ಬ್ರಿಟನ್ನಿನ ಪರೀಕ್ಷೆಯಲ್ಲೇ ಕಂಡಿದೆ.

ಹಾಗಂತ ನೋಡದೆ ಬಿಡುವುದಲ್ಲ. ಮೊದಲ ಎರಡು ವಾರ, ವಾರಕ್ಕೊಂದು ಎಕ್ಸ್‌ರೇ ಬೇಕು, ಆಮೇಲೆ ಆರನೆಯ ವಾರಕ್ಕೆ.

ಫಿಸಿಯೋ_ಮೈಸೂರು

ಹೌದು ಡಾಕ್ಟ್ರೇ, ಈ "ಒಂದೇ ತುಂಡಾಗಿ ತಿರುಗುತ್ತದೆ" ಎಂಬ ಸಾಲನ್ನು ಚೀಟಿಯಲ್ಲಿ ಬರೆದು ಕಳಿಸಿದರೆ ನಮ್ಮ ಕೆಲಸ ಸಲೀಸು. ಬರೀ "ಫಿಸಿಯೋಥೆರಪಿ" ಅಂತಿದ್ದರೆ ಎಲ್ಲಿಂದ ಶುರು ಮಾಡುವುದು?

ಫಲ ಎಷ್ಟು ಎಂಬುದನ್ನೂ ಮೊದಲೇ ಹೇಳಿಬಿಡಿ. ಕೈ ಪೂರ್ತಿ ಕಿವಿಗೆ ತಾಗುವಂತೆ ಮೇಲೇಳದಿರಬಹುದು. ತಲೆ ಬಾಚುವುದು, ಮುಖ ತೊಳೆಯುವುದು, ಒಲೆ ಎತ್ತರದ ಕೆಲಸ ಹೆಚ್ಚಿನವರಿಗೆ ಬರುತ್ತದೆ. ಬೆನ್ನ ಹಿಂದೆ ಕೈ ಒಯ್ದು ಜಡೆ, ಕೊಕ್ಕೆ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಸುಧಾರಣೆ ಒಂದು ವರ್ಷದವರೆಗೂ ನಡೆಯುತ್ತದೆ.

ಫಾರ್ಮಸಿ_ಶಿವಮೊಗ್ಗ

ಆಪರೇಷನ್ ಯಾರಿಗೆ ಬೇಕು ಎಂಬುದನ್ನೂ ಒಂದು ಸಲ ಬಿಡಿಸಿ ಬರೆಯಿರಿ ಸರ್. ಮುಂಗಟ್ಟೆಗೆ ಬಂದವರು ಎಕ್ಸ್‌ರೇ ತೋರಿಸಿ ಅದನ್ನೇ ಕೇಳುತ್ತಾರೆ.

ಕೀಲುಮೂಳೆ_ಹುಬ್ಬಳ್ಳಿ

ತಲೆ ಕೀಲಿನಿಂದ ತಪ್ಪಿ ಜೊತೆಗೆ ಮುರಿದಿದ್ದರೆ, ತಲೆಯೇ ಒಡೆದಿದ್ದರೆ, ಚರ್ಮ ಹರಿದಿದ್ದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಬೇಕು. ದಂಡ ತಲೆಯಿಂದ ಪೂರ್ತಿ ಜಾರಿ ಎಲ್ಲೂ ತಾಗದೆ ನಿಂತಿದ್ದರೂ ಯೋಚಿಸಬೇಕು, ಅದು ಕೂಡುವುದು ಕಷ್ಟ, ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಕಷ್ಟ. ದೊಡ್ಡ ಗುಬುಟು ಮೇಲಕ್ಕೆ ಸರಿದರೆ 5 ಮಿ.ಮೀ.ಗೇ ಕೈ ಎತ್ತುವಾಗ ಮೇಲಿನ ಎಲುಬಿಗೆ ತಗುಲುತ್ತದೆ, ಅಲ್ಲಿ 1 ಸೆಂ.ಮೀ. ಲೆಕ್ಕಕ್ಕೆ ಕಾಯುವುದು ಸರಿಯಲ್ಲ.

ಉಳಿದ ಸರಿದ ಮುರಿತಗಳಲ್ಲಿ? ಬ್ರಿಟನ್ನಿನ ಪ್ರೊಫರ್ ಪರೀಕ್ಷೆ ನೋಡಿ, 2015ರಲ್ಲಿ ಪ್ರಕಟವಾದದ್ದು. 250 ಮಂದಿ, ಎಲ್ಲರಿಗೂ ಸರ್ಜಿಕಲ್ ನೆಕ್, ಅಂದರೆ ಗುಬುಟುಗಳ ಕೆಳಗೆ ದಂಡ ಶುರುವಾಗುವ ಕತ್ತು, ಸೇರಿದ ಸರಿದ ಮುರಿತ. ಅರ್ಧ ಜನಕ್ಕೆ ಆಪರೇಷನ್, ಅರ್ಧಕ್ಕೆ ಜೋಲಿ. ಎರಡು ವರ್ಷದ ಕೊನೆಗೆ ಕೈಯ ಕೆಲಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ, ಐದು ವರ್ಷಕ್ಕೂ ಇಲ್ಲ. ಆಪರೇಷನ್ ಅನಿವಾರ್ಯ ಎಂದು ಕಂಡವರನ್ನು ಅದರಲ್ಲಿ ಸೇರಿಸಿರಲಿಲ್ಲ ಎಂಬುದು ನೆನಪಿರಲಿ.

ಟೊಳ್ಳು ಮೂಳೆಯಲ್ಲಿ ಪ್ಲೇಟಿನ ತೊಂದರೆ ಏನೆಂದರೆ, ತಲೆಯ ಒಳಗೆ ಸ್ಕ್ರೂ ಹಿಡಿಯಲು ಮೂಳೆಯೇ ಇರುವುದಿಲ್ಲ, ಹೊರಗಷ್ಟೇ ತೊಗಟೆ. ಒಳಮಗ್ಗುಲಿನ ಆಸರೆ ಮುರಿದಿದ್ದರೆ ತಲೆ ಒಳಕ್ಕೆ ವಾಲುತ್ತದೆ, ಸ್ಕ್ರೂಗಳು ತಲೆಯನ್ನು ತೂರಿ ಕೀಲಿನ ಗುಳಿಯನ್ನು ಕೆರೆಯುತ್ತವೆ. ಅದಕ್ಕೇ ತಲೆಯ ಕೆಳಗಿನ ಒಳಮೂಲೆಗೆ ಓರೆಯಾಗಿ ಎರಡು ಸ್ಕ್ರೂ ಹಾಕಬೇಕು, ಗುಬುಟುಗಳನ್ನು ಸ್ನಾಯುತುದಿಯ ಮೂಲಕ ದಾರದಿಂದ ಪ್ಲೇಟಿಗೆ ಕಟ್ಟಬೇಕು. ಮೂಳೆಗಿಂತ ಸ್ನಾಯುತುದಿಯೇ ಆ ವಯಸ್ಸಿನಲ್ಲಿ ಗಟ್ಟಿ. ತಲೆಗೆ ರಕ್ತ ತಪ್ಪಿದರೆ ತಿಂಗಳುಗಳ ನಂತರ ಅದು ಕುಸಿಯಬಹುದು. ತಲೆಗೆ ಅಂಟಿ ಉಳಿದ ಒಳಮಗ್ಗುಲ ಮೂಳೆ 8 ಮಿ.ಮೀ.ಗಿಂತ ಕಡಿಮೆ, ಅಲ್ಲಿನ ಸರಿತ 2 ಮಿ.ಮೀ.ಗಿಂತ ಹೆಚ್ಚು ಇದ್ದರೆ ರಕ್ತ ತಪ್ಪಿರುವ ಸಂಭವ ಜಾಸ್ತಿ. 65 ದಾಟಿದವರ ಕೆಟ್ಟ ನಾಲ್ಕು ಭಾಗದ ಮುರಿತಕ್ಕೆ ಚೆಂಡು ಗುಳಿಯ ಜಾಗ ಅದಲುಬದಲು ಮಾಡುವ ರಿವರ್ಸ್ ಕೃತಕ ಕೀಲು ಪ್ಲೇಟಿಗಿಂತ ಮೇಲು. ನಾರ್ವೆಯಲ್ಲಿ 65ರಿಂದ 85 ವಯಸ್ಸಿನವರ ಮೇಲೆ ನಡೆದ ಡೆಲ್ಫಿ ಪರೀಕ್ಷೆ ಇದನ್ನೇ ತೋರಿಸಿತು.

ಹಾರ್ಮೋನ್_ಬೆಂಗಳೂರು

ಇಲ್ಲಿಯವರೆಗೆ ತೋಳಾಯಿತು. ಈಗ ಮೂಳೆಯ ಮಾತು. ಸಿಸ್ಟರ್ ಎತ್ತಿದ ಪ್ರಶ್ನೆ ಅದೇ.

ಮೊದಲು ಹೆಸರಿನ ಗೊಂದಲ ಬಿಡಿಸಬೇಕು. ಕನ್ನಡದಲ್ಲಿ "ಮೂಳೆ ಸವೆತ" ಅಂತ ಎರಡು ಬೇರೆ ಕಾಯಿಲೆಗೂ ಹೇಳುತ್ತೇವೆ. ಮಂಡಿಯ ಕೀಲು ಸವೆಯುವುದು ಒಂದು. ಅದು ನೋಯುತ್ತದೆ. ಮೂಳೆಯೊಳಗಿನ ಜಾಲ ತೆಳುವಾಗಿ ಟೊಳ್ಳಾಗುವುದು ಇನ್ನೊಂದು, ಅದೇ ಆಸ್ಟಿಯೊಪೊರೋಸಿಸ್. ಮುರಿಯುವ ತನಕ ಅದು ನೋಯುವುದೇ ಇಲ್ಲ. "ನನಗೆ ಮೂಳೆ ಸವೆತ ಇದೆ, ಮಂಡಿಗೆ ಮಾತ್ರೆ ತಗೋತಿದ್ದೀನಿ" ಅನ್ನುವವರಿಗೆ ತಮ್ಮ ಟೊಳ್ಳು ಮೂಳೆಗೂ ಔಷಧಿ ನಡೆಯುತ್ತಿದೆ ಎಂಬ ಭಾವನೆ ಇರುತ್ತದೆ. ಚೀಟಿಯಲ್ಲಿ "ಟೊಳ್ಳು ಮೂಳೆ" ಎಂದೇ ಬರೆಯಿರಿ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ ಸ್ಕೋರ್ (ಯೌವನದ ಸರಾಸರಿಗೆ ಹೋಲಿಸಿದ ಅಂಕಿ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇದು. ಆದರೆ ಮೈನಸ್ 1.8 ಬಂತು, ಕಾಯಿಲೆ ಇಲ್ಲ ಎಂದು ವಾಪಸ್ ಕಳಿಸುವುದು ತಪ್ಪು. ಮೈನಸ್ 1ರಿಂದ 2.5ರ ನಡುವೆ ಸ್ಕೋರ್ ಇದ್ದು, ನಿಂತ ಎತ್ತರದಿಂದ ಬಿದ್ದು ಹ್ಯೂಮರಸ್‌ನ ಮೇಲ್ತುದಿ ಮುರಿದಿದ್ದರೆ ಅದನ್ನೇ ಆಸ್ಟಿಯೊಪೊರೋಸಿಸ್ ಎಂದು ಹೆಸರಿಸಬೇಕೆಂದು ಅಮೆರಿಕದ ನ್ಯಾಷನಲ್ ಬೋನ್ ಹೆಲ್ತ್ ಅಲಯನ್ಸ್ 2014ರಲ್ಲೇ ಹೇಳಿದೆ. ಮುರಿದದ್ದೇ ಸಾಕ್ಷಿ.

ಅವಸರ ಯಾಕೆ? ಅಮೆರಿಕದಲ್ಲಿ 8 ಸಾವಿರ ಹಿರಿಯ ಬಿಳಿಯ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ತೋಳಿನ ಮೇಲ್ತುದಿ ಮುರಿದವರಿಗೆ ಮೊದಲ ಒಂದು ವರ್ಷದೊಳಗೆ ಸೊಂಟದ ಮೂಳೆ ಮುರಿಯುವ ಅಪಾಯ ಉಳಿದವರ ಐದು ಪಟ್ಟಿಗೂ ಹೆಚ್ಚಿತ್ತು. ವರ್ಷ ಕಳೆದ ಮೇಲೆ ಆ ಅಂತರ ಅಷ್ಟಿರಲಿಲ್ಲ. ಜೋಲಿ ಬಿಚ್ಚಿ "ಆರು ತಿಂಗಳು ಬಿಟ್ಟು ನೋಡೋಣ" ಎನ್ನುವಾಗ ನಾವು ದಾಟಿಸುತ್ತಿರುವುದು ಅದೇ ಕೆಟ್ಟ ಕಾಲವನ್ನು.

ಸ್ಕ್ಯಾನಿನಲ್ಲಿ ಸೊಂಟ ಮತ್ತು ಬೆನ್ನು ಎರಡೂ ಬೇಕು. ವಯಸ್ಸಾದವರ ಬೆನ್ನೆಲುಬಿನಲ್ಲಿ ಮುಳ್ಳು ಬೆಳೆದು ಸಾಂದ್ರತೆ ಸುಳ್ಳೇ ಹೆಚ್ಚು ತೋರಿಸುತ್ತದೆ, ಅಂಥಲ್ಲಿ ಸೊಂಟದ ಅಂಕಿಯನ್ನು ನಂಬಿ, ಮುರಿಯದ ಕಡೆಯ ಮುಂಗೈ ಸೇರಿಸಿ. ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರ ಅಲ್ಟ್ರಾಸೌಂಡ್, ಮೈನಸ್ 2.5ರ ಗೆರೆ ಅದಕ್ಕೆ ಅನ್ವಯಿಸುವುದಿಲ್ಲ. ಆ ಚೀಟಿ ಹಿಡಿದು ಔಷಧಿ ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಇಎಸ್‌ಆರ್, ಕ್ಯಾಲ್ಸಿಯಂ, ಅಲ್ಬುಮಿನ್, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ವಿಟಮಿನ್ ಡಿ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಇಎಸ್‌ಆರ್ ಬಹಳ ಏರಿದ್ದರೆ ಅಥವಾ ರಕ್ತಹೀನತೆ ಇದ್ದರೆ ಮೈಲೋಮಾ ಹುಡುಕುವ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್. ಆಲ್ಕಲೈನ್ ಫಾಸ್ಫಟೇಸ್ ಮುರಿತದ ನಂತರ ವಾರಗಟ್ಟಲೆ ಏರಿಯೇ ಇರುತ್ತದೆ, ಅದೊಂದನ್ನೇ ನೋಡಿ ಬೇರೆ ಕಾಯಿಲೆ ಹುಡುಕಬೇಡಿ. ಗಂಡಸರಲ್ಲಿ ಮುರಿದರೆ ಹಿಂದೆ ಬೇರೆ ಕಾರಣ ಇರುವುದು ಹೆಚ್ಚು. ದಮ್ಮಿಗೋ ಸಂಧಿವಾತಕ್ಕೋ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮೂರು ತಿಂಗಳಿಗೂ ಹೆಚ್ಚು ನುಂಗಿದ್ದಾರಾ ಎಂದು ತಪ್ಪದೆ ಕೇಳಿ.

ಊಟತಟ್ಟೆ_ಹಾಸನ

ಕ್ಯಾಲ್ಸಿಯಂ ಅಂದಕೂಡಲೇ ಮಾತ್ರೆ ಬರೆಯುತ್ತಾರೆ. ಮೊದಲು ತಟ್ಟೆ ಎಣಿಸಿ. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1000ದಿಂದ 1200 ಮಿ.ಗ್ರಾಂ. ಬೇಕು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 360 ಮಿ.ಗ್ರಾಂ. ಇದೆ. 75 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 270. ಹಾಲು ಮೊಸರು ಸೇರಿ 400 ಮಿ.ಲೀ.ಗೆ ಸುಮಾರು 480. ಒಂದು ದೊಡ್ಡ ಚಮಚ ಎಳ್ಳಿನ ಪುಡಿಗೆ ನೂರರ ಹತ್ತಿರ. ಸೊಪ್ಪು, ಬೇಳೆ ಸೇರಿದರೆ ಸಾವಿರದ ಹತ್ತಿರ ಬರುತ್ತದೆ. ಇಷ್ಟು ತಿನ್ನುವವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು, ಎರಡು ಮೂರು ಬೇಡ. ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಚೂರು ಹೆಚ್ಚು ಹತ್ತುತ್ತದೆ. ಎರಡು ಹೊತ್ತು ಅನ್ನ ತಿಳಿಸಾರು, ಕಾಫಿಗೆ ಮಾತ್ರ ಹಾಲು ಎನ್ನುವ ಮನೆಯಲ್ಲಿ 300 ದಾಟುವುದೂ ಕಷ್ಟ.

ಪ್ರೋಟೀನನ್ನು ಎಲ್ಲರೂ ಮರೆಯುತ್ತಾರೆ. ಮೂಳೆಯ ಹಂದರವೇ ಅದು. ಕೆ.ಜಿ.ಗೆ 1 ಗ್ರಾಂ, ಅಂದರೆ 55 ಕೆ.ಜಿ. ತೂಕದವರಿಗೆ 55 ಗ್ರಾಂ. ಒಂದು ಮೊಟ್ಟೆಗೆ 6 ಗ್ರಾಂ, ಒಂದು ಲೋಟ ಹಾಲಿಗೆ ಅಷ್ಟೇ. ಒಂದು ಕೈ ಕಟ್ಟಿಹಾಕಿದವರು ಕಲಸಿ ಉಣ್ಣಲು ಬೇಸರವಾಗಿ ಬರೀ ಗಂಜಿ ಕುಡಿಯುತ್ತಾರೆ. ಆ ಆರು ವಾರ ಕಾಳು ಬೇಯಿಸಿ ಮಸೆದು ಕೊಡಿ, ಮುದ್ದೆಯನ್ನು ಸಣ್ಣ ಉಂಡೆ ಮಾಡಿ ಬಡಿಸಿ.

ಫಾರ್ಮಸಿ_ಶಿವಮೊಗ್ಗ

ಮುಂಗಟ್ಟೆಯಲ್ಲಿ ಕಾಣುವ ತಪ್ಪುಗಳನ್ನು ಬರೆಯುತ್ತೇನೆ.

ಪೊಟ್ಟಣದ ಮೇಲೆ "1250" ಎಂದಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿ.ಗ್ರಾಂ. ಮಾತ್ರ. ಊಟದ ಜೊತೆ ತಗೊಂಡರೆ ಮೈಗೆ ಹತ್ತುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ದಿನಾ ನುಂಗುವವರಿಗೆ ಸಿಟ್ರೇಟ್ ವಾಸಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಬೇಕು, ಕಬ್ಬಿಣದ ಮಾತ್ರೆಯ ಜೊತೆಗೂ ಬೇಡ.

ವಿಟಮಿನ್ ಡಿ 60,000 ಯೂನಿಟ್ ಪೊಟ್ಟಣ ಕೊರತೆ ಇದ್ದವರಿಗೆ ವಾರಕ್ಕೊಂದರಂತೆ 8 ವಾರ, ಆಮೇಲೆ ಸಾಮಾನ್ಯವಾಗಿ ತಿಂಗಳಿಗೊಂದು. ಹಳೇ ಚೀಟಿ ತೋರಿಸಿ ವಾರವಾರ ವರ್ಷಗಟ್ಟಲೆ ಕೊಳ್ಳುವವರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮಂಕು ಬರುತ್ತದೆ, ಕಿಡ್ನಿಯೂ ಕೆಡುತ್ತದೆ. ಒಂದೇ ಸಲ 6 ಲಕ್ಷದ ಸೂಜಿ ಚುಚ್ಚಿಸಿಕೊಳ್ಳುವುದೂ ಒಳ್ಳೆಯದಲ್ಲ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಬಾಯಿಗೆ ಕೊಟ್ಟು ನೋಡಿದಾಗ ಬೀಳುವುದೂ ಮುರಿಯುವುದೂ ಕಡಿಮೆಯಾಗುವ ಬದಲು ಹೆಚ್ಚಾಗಿದ್ದವು. 2010ರಲ್ಲಿ ಪ್ರಕಟವಾದ ಫಲಿತಾಂಶ ಅದು.

ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆ 70 ಮಿ.ಗ್ರಾಂ., ವಾರಕ್ಕೆ ಒಂದೇ ದಿನ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ. ಕಾಫಿ ಬೇಡ, ಹಾಲು ಬೇಡ. ನುಂಗಿ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಕಾಫಿಯ ಜೊತೆ ತಗೊಂಡರೆ ಮೈಗೆ ಹತ್ತುವ ಚೂರುಪಾರೂ ಹೋಗುತ್ತದೆ, ನುಂಗಿ ಮಲಗಿದರೆ ಅನ್ನನಾಳ ಸುಡುತ್ತದೆ.

ಹಾರ್ಮೋನ್_ಬೆಂಗಳೂರು

ಔಷಧಿಯವರು ಅರ್ಧ ಕೆಲಸ ಮುಗಿಸಿಕೊಟ್ಟರು, ಧನ್ಯವಾದ. ಬೆಳಿಗ್ಗೆ ಅರ್ಧ ಗಂಟೆ ನೆಟ್ಟಗೆ ಕೂರಲಾಗದವರಿಗೆ, ನುಂಗಲು ತೊಂದರೆ ಇರುವವರಿಗೆ ಅದೇ ಗುಂಪಿನ ಝೋಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ., ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ, 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ. ಕ್ಯಾನ್ಸರ್ ರೋಗಿಗಳಿಗೆ ಕೊಡುವ 4 ಮಿ.ಗ್ರಾಂ. ಸೀಸೆ ಬೇರೆ, ತರುವಾಗ ನೋಡಿಕೊಳ್ಳಿ. ಕಿಡ್ನಿಯ ಶುದ್ಧೀಕರಣ ನಿಮಿಷಕ್ಕೆ 35 ಮಿ.ಲೀ.ಗಿಂತ ಕೆಳಗಿದ್ದರೆ ಕೊಡುವಂತಿಲ್ಲ. ವಿಟಮಿನ್ ಡಿ ಸರಿ ಮಾಡದೆ ಕೊಟ್ಟರೆ ಕ್ಯಾಲ್ಸಿಯಂ ಕುಸಿದು ಬೆರಳು ಸೆಟೆದುಕೊಳ್ಳುತ್ತವೆ. ಮೊದಲ ಸಲ ಎರಡು ಮೂರು ದಿನ ಜ್ವರ, ಮೈಕೈ ನೋವು ಬರುತ್ತದೆ. ಮೊದಲೇ ಹೇಳಿ, ಪ್ಯಾರಸಿಟಮಾಲ್ ಕೊಟ್ಟು ಕಳಿಸಿ. ಹೇಳದಿದ್ದರೆ ಮುಂದಿನ ವರ್ಷ ಬರುವುದಿಲ್ಲ.

ಮೂಳೆ ಕೂಡುವ ತನಕ ಇವನ್ನು ಕೊಡಬಾರದು ಎಂಬ ಮಾತಿದೆ. ಹ್ಯೂಮರಸ್ ಕೂಡುವುದನ್ನು ಇವು ಹೇಳಿಕೊಳ್ಳುವಷ್ಟು ತಡಮಾಡುವುದಿಲ್ಲ. ಸೊಂಟದ ಆಪರೇಷನ್ ಆಗಿ 90 ದಿನದೊಳಗೆ ಝೋಲೆಡ್ರೊನಿಕ್ ಕೊಟ್ಟ ಹೊರೈಜನ್ ಪರೀಕ್ಷೆಯಲ್ಲಿ, 2007ರಲ್ಲಿ, ಹೊಸ ಮುರಿತ 35 ಶೇಕಡಾ, ಸಾವು 28 ಶೇಕಡಾ ಕಡಿಮೆಯಾದವು. ಎರಡು ವಾರ ಕಳೆದ ಮೇಲೆ ಕೊಟ್ಟವರಲ್ಲಿ ಲಾಭ ಕಂಡಿತು. ಆದ್ದರಿಂದ ಎರಡನೆಯ ವಾರದ ಎಕ್ಸ್‌ರೇಗೆ ಬಂದಾಗ ರಕ್ತ, ಆರನೆಯ ವಾರಕ್ಕೆ ಬಂದಾಗ ಔಷಧಿ ಎಂದು ಇಟ್ಟುಕೊಳ್ಳಿ. ಹಲ್ಲು ಕೀಳಿಸುವುದಿದ್ದರೆ ಮೊದಲು ಮುಗಿಸಲಿ.

ಮೂಳೆ ಕರಗುವುದನ್ನು ತಡೆಯುವ ಇನ್ನೊಂದು ಔಷಧಿ ಡೆನೊಸುಮ್ಯಾಬ್, 60 ಮಿ.ಗ್ರಾಂ. ಆರು ತಿಂಗಳಿಗೊಮ್ಮೆ ಚರ್ಮದಡಿ ಸೂಜಿ. ಕಿಡ್ನಿ ಕುಂದಿದವರಿಗೂ ಕೊಡಬಹುದು, ಆದರೆ ಡಯಾಲಿಸಿಸ್ ಹಂತದವರಲ್ಲಿ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇದರ ದೊಡ್ಡ ಷರತ್ತು: ಸುಮ್ಮನೆ ನಿಲ್ಲಿಸುವಂತಿಲ್ಲ. ಕೊನೆಯ ಸೂಜಿಯಿಂದ ಏಳು ತಿಂಗಳು ದಾಟಿದರೆ ಮೂಳೆ ಕರಗಿಸುವ ಕಣಗಳು ಒಮ್ಮೆಲೇ ಎದ್ದು, ಬೆನ್ನಿನ ಎರಡು ಮೂರು ಎಲುಬು ಒಟ್ಟಿಗೇ ಕುಸಿಯಬಹುದು. ನಿಲ್ಲಿಸಲೇಬೇಕಾದರೆ ಆರನೆಯ ತಿಂಗಳಿಗೆ ಬಿಸ್‌ಫಾಸ್ಫೊನೇಟ್ ಔಷಧಿಗೆ (ಅಲೆಂಡ್ರೊನೇಟ್, ಝೋಲೆಡ್ರೊನಿಕ್ ಗುಂಪು) ಬದಲಿಸಬೇಕು. ಪ್ರತಿ ಆರು ತಿಂಗಳಿಗೆ ಬರಲಾಗದ ಊರಿನವರಿಗೆ ಇದನ್ನು ಶುರು ಮಾಡದಿರುವುದೇ ಒಳ್ಳೆಯದು.

ಸಿಎಚ್‌ಒ_ಚಾಮರಾಜನಗರ

ತೋಳಿನ ನಡುಭಾಗ ಮುರಿದವರಿಗೂ ಇದೇ ಕ್ರಮವೇ? ಅಂಥವರಲ್ಲಿ ಮಣಿಕಟ್ಟು ಜೋತುಬೀಳುವುದು ಕಂಡಿದೆ.

ಕೀಲುಮೂಳೆ_ಹುಬ್ಬಳ್ಳಿ

ಮೂಳೆಯ ಔಷಧಿ ಅದೇ, ತೋಳಿನ ಉಪಚಾರ ಬೇರೆ. ರೇಡಿಯಲ್ ನರ ದಂಡವನ್ನು ಸುತ್ತಿಕೊಂಡು ಹೋಗುತ್ತದೆ, ನಡುಭಾಗ ಮುರಿದವರಲ್ಲಿ ನೂರಕ್ಕೆ ಹತ್ತು ಹನ್ನೆರಡು ಮಂದಿಗೆ ಪೆಟ್ಟಾಗುತ್ತದೆ. ಬಹುಪಾಲು ಮೂರು ನಾಲ್ಕು ತಿಂಗಳಲ್ಲಿ ತಾನೇ ಮರಳುತ್ತದೆ. ಅಲ್ಲಿಯ ತನಕ ಮಣಿಕಟ್ಟಿಗೆ ಪಟ್ಟಿ ಕೊಟ್ಟು ಬೆರಳು ಆಡಿಸುತ್ತಿರಬೇಕು. ಊತ ಇಳಿದ ಮೇಲೆ ತೋಳಿಗೆ ಸಾರ್ಮಿಯೆಂಟೋ ಮಾದರಿಯ ಪ್ಲಾಸ್ಟಿಕ್ ಕವಚ. ಊತ ಇಳಿದಂತೆ ಅದು ಸಡಿಲವಾಗುತ್ತದೆ, ದಿನಾ ಪಟ್ಟಿ ಬಿಗಿ ಮಾಡಿಕೊಳ್ಳಬೇಕು. ಕುರ್ಚಿಯ ಕೈಗೆ ಮೊಣಕೈ ಊರಿ ಕೂತರೆ ಮೂಳೆ ವಾಲುತ್ತದೆ.

ಫಿಸಿಯೋ_ಮೈಸೂರು

ಬೀಳುವುದನ್ನು ತಡೆಯುವ ಮಾತು ಉಳಿಯಿತು. ಜೋಲಿ ಹಾಕಿದ ದಿನವೇ ಎರಡನೆಯ ಬೀಳುವಿಕೆಯ ಅಪಾಯ ಏರುತ್ತದೆ. ಮೈ ಒಂದು ಕಡೆ ವಾಲುತ್ತದೆ, ಕಾಲಡಿ ಕಾಣುವುದಿಲ್ಲ, ಎಡವಿದರೆ ಊರಲು ಕೈಯಿಲ್ಲ. ಆದ್ದರಿಂದ ಒಳ್ಳೆಯ ಕೈಗೆ ಕೋಲು ಕೊಟ್ಟು ನಡೆಸಿ ನೋಡಿಯೇ ಮನೆಗೆ ಕಳಿಸಬೇಕು.

ಬಚ್ಚಲಿಗೆ ಗೋಡೆಯಲ್ಲಿ ಕೊರೆದು ಕೂರಿಸಿದ ಹಿಡಿಕೆ ಬೇಕು. ಟವೆಲ್ ಹಾಕುವ ಸರಳು ಮೈ ಭಾರ ತಡೆಯುವುದಿಲ್ಲ, ಕಿತ್ತು ಬರುತ್ತದೆ. ಹೊಸ್ತಿಲಿಗೆ ಬಿಳಿ ಬಣ್ಣದ ಗೆರೆ, ಮಂಚದಿಂದ ಬಚ್ಚಲವರೆಗೆ ರಾತ್ರಿದೀಪ, ಬಾಗಿಲ ಒರೆಸು ಬಟ್ಟೆ ತೆಗೆದುಹಾಕುವುದು, ಸವೆದ ಹವಾಯಿ ಚಪ್ಪಲಿ ಬಿಸಾಡುವುದು. ರಕ್ತದೊತ್ತಡವನ್ನು ಮಲಗಿಸಿ ಒಮ್ಮೆ, ಎದ್ದು ಮೂರು ನಿಮಿಷದೊಳಗೆ ಒಮ್ಮೆ ನೋಡಿ. ಮೇಲಿನ ಅಂಕಿ 20 ಇಳಿದರೆ ಬಿಪಿ ಮಾತ್ರೆ ಮರುಪರಿಶೀಲಿಸಬೇಕು. ನಿದ್ದೆಯ ಆಲ್ಪ್ರಾಜೊಲಾಮ್, ನೋವಿನ ಟ್ರಮಡಾಲ್ ಎರಡೂ ಒಟ್ಟಿಗಿದ್ದರೆ ರಾತ್ರಿ ಮೂತ್ರಕ್ಕೆ ಎದ್ದಾಗ ಬೀಳುವುದು ಸುಲಭ. ಆದರೆ ಹಳೆಯ ನಿದ್ದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ವಾರಗಳಲ್ಲಿ ಇಳಿಸಬೇಕು.

ಕಾಲಿಗೆ: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು 10 ಸಲ, ಅಡುಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲುವುದು 10 ಸಲ, ಒಂದರ ಹಿಂದೆ ಒಂದು ಹೆಜ್ಜೆ ಇಟ್ಟು ನಡೆಯುವುದು. ನ್ಯೂಜಿಲೆಂಡಿನ ಒಟಾಗೊ ವ್ಯಾಯಾಮದ ತಿರುಳು ಇದೇ, ಬೀಳುವುದನ್ನು ಮೂರನೇ ಒಂದು ಭಾಗದಷ್ಟು ತಗ್ಗಿಸಿದ ದಾಖಲೆ ಅದಕ್ಕಿದೆ. ಭುಜದ ವ್ಯಾಯಾಮಕ್ಕೆ ಬಂದ ದಿನವೇ ಇದನ್ನೂ ಶುರು ಮಾಡಿಸಿ.

ಸಿಸ್ಟರ್_ಉಡುಪಿ

ಎಲ್ಲರಿಗೂ ಧನ್ಯವಾದ. ಬಿಡುಗಡೆ ಚೀಟಿಯ ಹಿಂದೆ ಐದು ಸಾಲು ಅಚ್ಚು ಹಾಕಿಸುವ ಯೋಚನೆ ಇದೆ: ಒಂದೇ ತುಂಡಾಗಿ ತಿರುಗುತ್ತದೆಯೇ, ಲೋಲಕ ಶುರುವಿನ ದಿನಾಂಕ, ಡೆಕ್ಸಾ ದಿನಾಂಕ, ಮೂಳೆ ಔಷಧಿಯ ಹೆಸರು ಮತ್ತು ಮುಂದಿನ ದಿನಾಂಕ, ಮನೆಯಲ್ಲಿ ನೋಡಿಕೊಳ್ಳುವವರ ಫೋನ್. ಹೊಸ ಮೂಳೆ ಕಟ್ಟಿಸುವ ಟೆರಿಪ್ಯಾರಟೈಡ್ ಸೂಜಿಯ ಪೆನ್ ಡಾಕ್ಟರು ಬರೆದುಕೊಟ್ಟಿದ್ದರೆ ರೋಗಿಗೆ ಏನು ಹೇಳಬೇಕು?

ಫಾರ್ಮಸಿ_ಶಿವಮೊಗ್ಗ

ಸಿಸ್ಟರ್, ದಿನಕ್ಕೆ 20 ಮೈಕ್ರೋಗ್ರಾಂ, ಹೊಟ್ಟೆಗೆ ಇಲ್ಲವೆ ತೊಡೆಗೆ, ಒಟ್ಟು 24 ತಿಂಗಳು. ಹಿಂದೆ ಮೂಳೆಗೆ ರೇಡಿಯೇಷನ್ ಆದವರಿಗೆ, ಮೂಳೆಯ ಕ್ಯಾನ್ಸರ್ ಇದ್ದವರಿಗೆ ಕೊಡುವಂತಿಲ್ಲ. ಮೊದಮೊದಲು ಚುಚ್ಚಿಕೊಂಡ ಮೇಲೆ ತಲೆ ಸುತ್ತಬಹುದು, ಕೂತೇ ಹಾಕಿಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತಿರಲಿ. ಪೆನ್ ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಐಸ್ ಪೆಟ್ಟಿಗೆಯ ಹತ್ತಿರವೂ ಬೇಡ. 2ರಿಂದ 8 ಡಿಗ್ರಿಯಲ್ಲಿ ನಡುವಿನ ತಟ್ಟೆಯಲ್ಲಿಡಿ. ಸೂಜಿ ಹಾಕಿಯೇ ಇಟ್ಟರೆ ಗಾಳಿಗುಳ್ಳೆ ಸೇರುತ್ತದೆ, ಪ್ರತಿದಿನ ಹೊಸ ಸೂಜಿ. ತೆರೆದ ದಿನಾಂಕವನ್ನು ಪೆನ್ನಿನ ಮೇಲೆ ಬರೆದು ಅಂಟಿಸಿ. 28 ದಿನವಾದ ಮೇಲೆ ಒಳಗೆ ಔಷಧಿ ಉಳಿದಿದ್ದರೂ ಬಳಸಬಾರದು. ಕೋರ್ಸ್ ಮುಗಿದ ತಿಂಗಳೇ ಅಲೆಂಡ್ರೊನೇಟ್ ಅಥವಾ ಝೋಲೆಡ್ರೊನಿಕ್ ಶುರುವಾಗಬೇಕು, ಇಲ್ಲದಿದ್ದರೆ ಎರಡು ವರ್ಷ ಕಟ್ಟಿದ ಮೂಳೆ ಕರಗಿಹೋಗುತ್ತದೆ. ನಿಮ್ಮ ಚೀಟಿಯ ನಾಲ್ಕನೆಯ ಸಾಲಿನಲ್ಲಿ ಆ ದಿನಾಂಕಕ್ಕೂ ಜಾಗ ಬಿಡಿ.